ಐದನೆಯ ಬೋದಿಗೆ

ಬೀಗದ ಕೈ ಸಿಗುವುದು ಹೆಸ್ಟರ್ ಥರ್ಟಲ್ ಮನೆಯಲ್ಲಿ,
ಮೊಟ್ಟೆಬುಟ್ಟಿಯ ಮೇಲಿನ ಮೊಳೆಯಲ್ಲಿ.
ಗೇಣುದ್ದದ ಕಬ್ಬಿಣ. ಸುಮ್ಮನೆ ತಿರುವಿದರೆ ತಿರುಗದು,
ಮೊದಲು ಬಾಗಿಲನ್ನು ಮೊಣಕಾಲಲ್ಲಿ ನೂಕಬೇಕು.
ಅಷ್ಟು ಹೇಳಿಯೇ ಕೊಡುತ್ತಾಳೆ, ಯಾರಿಗಾದರೂ.

ನಾರ್ಫಕ್‌ನ ಈ ಆಸ್ಕಲ್‌ಬಿಯಲ್ಲಿ ಕಟ್ಟುವ ಕಲ್ಲಿಲ್ಲ.
ಉತ್ತಾಗ ನೇಗಿಲಿಗೆ ಸಿಗುವ ಚಕಮಕಿ ಕಲ್ಲು,
ಆಲೂಗಡ್ಡೆ ಗಾತ್ರದ್ದು, ಗೋಪುರವೆಲ್ಲ ಅದೇ.
ಚಕಮಕಿಯಲ್ಲಿ ಮೂಲೆ ಕಟ್ಟಲು ಬರುವುದಿಲ್ಲ,
ಅದಕ್ಕೇ ಗೋಪುರ ಗುಂಡಗೆ, ಅನ್ನುತ್ತಾರೆ:
ಇಲ್ಲದಿರುವಿಕೆಯೇ ಕುಳಿತು ನಕ್ಷೆ ಬರೆದ ಹಾಗೆ.

ಒಳಗೆ ತಣ್ಣಗೆ. ಮೇಣ, ಇಲಿ, ಒದ್ದೆ ಪುಸ್ತಕದ ವಾಸನೆ.
ಕಂಬದ ಕಲ್ಲು ಮಾತ್ರ ದೂರದ್ದು,
ದುಡ್ಡು ಕೊಟ್ಟು ದೋಣಿಯಲ್ಲಿ ತಂದದ್ದು.
ಮೊದಲ ಬೋದಿಗೆಯಲ್ಲಿ ಓಕ್ ಎಲೆ.
ಎರಡರಲ್ಲಿ ಹಲ್ಲುನೋವಿನ ಮನುಷ್ಯ,
ದವಡೆಗೆ ಕೈಯೊತ್ತಿ
ಏಳು ಶತಮಾನದಿಂದ ಹಾಗೇ.
ಮೂರರಲ್ಲಿ ಹಂದಿ, ಮರಿಗಳ ಸಮೇತ.
ನಾಲ್ಕರಲ್ಲಿ ಮತ್ತೆ ಎಲೆ, ಅರ್ಧದವರೆಗೆ;
ಆಚೆಗೆ ಉಳಿಯ ಗೀರು,
ಎಲೆಯಾಗಬೇಕಿದ್ದಲ್ಲಿ ಎಲೆಯ ಅಳತೆ.
ಐದು, ಬರೀ ಕಲ್ಲು.
ಗಣಿಯಿಂದ ಬಂದ ಚೌಕ, ಗಣಿಯಿಂದ ಬಂದ ಹಾಗೇ.

ಬಾಗಿಲ ಪಕ್ಕದ ಹಲಗೆಯಲ್ಲಿ ಪಾದ್ರಿಗಳ ಪಟ್ಟಿಯಿದೆ.
ಸಾವಿರದ ಮುನ್ನೂರ ನಲವತ್ತೊಂಬತ್ತಕ್ಕೆ ಮೂರು ಹೆಸರು:
ಮೇ ತಿಂಗಳಿಗೊಬ್ಬ, ಜುಲೈಗೊಬ್ಬ, ಕೊಯ್ಲಿಗೊಬ್ಬ.
ಮಾರಿ ಅಷ್ಟು ಅವಸರದಲ್ಲಿದ್ದಳು.
ಕಲ್ಲುಕುಟಿಗರಿಗೆ ಹಲಗೆಯಿಲ್ಲ.

ಆಮೇಲಿನವರಿಗೆ ಉಣ್ಣೆಯ ದುಡ್ಡಿತ್ತು. ಕಿಟಕಿ ಹಿಗ್ಗಿಸಿದರು,
ತೊಲೆತೊಲೆಗೂ ರೆಕ್ಕೆಯ ದೂತರನ್ನು ಕೂರಿಸಿದರು.
ಅವರ ನಂತರದವರು ಗೋಡೆಯ ಸಂತರಿಗೆ ಸುಣ್ಣ ಬಳಿದರು.
ವಿಕ್ಟೋರಿಯಾ ಕಾಲದ ಪಾದ್ರಿಯೊಬ್ಬ
ನೆಲ ಅಗೆಸಿ, ಒಲೆ ಹಾಕಿಸಿ, ತನ್ನ ಹೆಸರು ಕೆತ್ತಿಸಿದ.
ಐದನೆಯದನ್ನು ಯಾರೂ ಮುಟ್ಟಲಿಲ್ಲ.
ಮರ್ಯಾದೆಯೋ, ಮರೆವೋ.
ಕೂಲಿಯ ಲೆಕ್ಕವೂ ಇರಬಹುದು.

ಬೀಗದ ಕೈ ಹಿಂತಿರುಗಿಸುವಾಗ ಕೇಳಿದೆ.
"ನನ್ನ ಸಿರಿಲ್ ಕೂಡ ಹಾಗೇ," ಅಂದಳು,
"ಬಚ್ಚಲಿಗೆ ಟೈಲ್ಸ್ ಹಾಕುತ್ತಿದ್ದ. ಕಿಟಕಿಯವರೆಗೆ ಬಂದಿತ್ತು."
ಬೇರೆಯವರನ್ನು ಕರೆಸಲಿಲ್ಲವೇ?
ಅವಳು ಬೀಗದ ಕೈ ಒರೆಸಿದಳು,
ಮೊಳೆಗೆ ಹಾಕಿದಳು, ಅದು ತೂಗುವುದು ನಿಲ್ಲುವವರೆಗೆ ನೋಡಿದಳು.

"ಮೊಟ್ಟೆ ಒಯ್ಯುತ್ತೀರಾ?
ಇವತ್ತಿನವು ಐದೇ ಇವೆ."