ಮೂವತ್ತು ಎಣಿಸುವವರೆಗೆ

ಕುದುರೆ ಬಿತ್ತು. ಟಿಕ್. ಅಷ್ಟೆ.
ಮುಸಬ್ಬಹ್ ಕೈ ಇಳಿಸಲಿಲ್ಲ;
ನಳಿಗೆ ಮರಳ ದಿಬ್ಬದತ್ತಲೇ ಇತ್ತು, ನಿಯಮದಂತೆ.
ತಡವಾಗಿ ಹೊತ್ತುವ ತೋಟಾ ಇರುತ್ತದೆ ಎಲ್ಲೋ ಒಂದು,
ಅದಕ್ಕಾಗಿ ಮೂವತ್ತು ಎಣಿಸಬೇಕು.
ಅವರು ಅರಬಿಯಲ್ಲಿ ಎಣಿಸಿದರು, ತುಟಿಯಲ್ಲೇ.
ರೊಲಾಂದೊ ತನ್ನ ಭಾಷೆಯಲ್ಲಿ.
ನಾನು ಬ್ಯಾರಿಯಲ್ಲಿ ಶುರುಮಾಡಿ
ಹನ್ನೊಂದರ ಹೊತ್ತಿಗೆ ಕನ್ನಡಕ್ಕೆ ಹೊರಳಿದೆ:
ಮೂಳೂರು ಶಾಲೆಯ ಮಗ್ಗಿ ಬಾಯಿಗೆ ಬರುವುದೇ ಹಾಗೆ.

ಏನೂ ಹೊತ್ತಲಿಲ್ಲ.
ಹತ್ತರಲ್ಲಿ ಒಂದು, ಒಮ್ಮೊಮ್ಮೆ ಎರಡು.
ತುಂಬಿದವನು ನಾನು.

ಉಮ್ ಅಲ್ ಕುವೈನ್, ಆಗಸ್ಟ್.
ಹಿನ್ನೀರಿನಿಂದ ಎದ್ದ ಹಬೆ ಕನ್ನಡಕದ ಮೇಲೆ,
ಕಬ್ಬಿಣದ ಬಾಗಿಲ ಮೇಲೆ, ರಿಜಿಸ್ಟರಿನ ಶಾಯಿಯ ಮೇಲೆ.
"ಮದ್ದಿಗೆ ತೇವ ಹೊಡೆದಿದೆ" ಎಂದ ತಯ್ಯಿಬ್,
ಖಾರ್ಟೂಮಿನಲ್ಲಿ ಗಡಿಯಾರ ಬಿಚ್ಚಿ ಕಟ್ಟಿ ಬೆಳೆದವನು.
ನನಗೂ ಹಾಗೇ ಅನಿಸಿತು.
ನನ್ನ ಬಾಪ ಪೊಡಿಯಬ್ಬ ಗರ್ನಾಲು ಕಟ್ಟುತ್ತಿದ್ದವರು,
ಮದುವೆಗೆ, ದೋಣಿ ನೀರಿಗಿಳಿಸುವುದಕ್ಕೆ, ಯಾರ ಖುಷಿಗೂ.
ಮದ್ದನ್ನು ಬಿಸಿಲಿಗೆ ಹರಡಿ ಕಾವಲು ಕೂರುತ್ತಿದ್ದರು;
ಬೀಡಿ ಬಿಟ್ಟದ್ದು ಅದಕ್ಕೇ.
"ಸದ್ದು ಮಾಡದ ಗರ್ನಾಲಿನ ಹತ್ತಿರ ಹೋಗಬೇಡ ಮಗಾ,
ಅದು ಯೋಚನೆ ಮಾಡುತ್ತಿರುತ್ತದೆ."
ಅವರ ಎಡಗೈಯಲ್ಲಿ ಮೂರೇ ಬೆರಳು.
ಉಳಿದೆರಡರ ಬಗ್ಗೆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಒಂದನ್ನು ಬಿಚ್ಚಿದೆವು. ಮದ್ದು ಒಣ ಗಸಗಸೆ,
ಬೆರಳಿಗಂಟದೆ ಉದುರಿತು.
ಸ್ಪ್ರಿಂಗು ಹಗುರ ಮಾಡಿಸಿದ್ದೀರಾ ಎಂದು ಕೇಳಬೇಕಾಯಿತು, ಸಂಕೋಚದಲ್ಲೇ;
ಮುಸಬ್ಬಹ್ ನಕ್ಕು ಬೇರೆ ಪಿಸ್ತೂಲು ತಂದರು.
ಅದರಲ್ಲೂ ಟಿಕ್.
ಕೇಪಿನ ಹೊಸ ಡಬ್ಬಿ ಒಡೆದೆವು. ಟಿಕ್.
ಕೊನೆಗೆ ತಯ್ಯಿಬ್ ತನ್ನ ಪುಟ್ಟ ಪುಸ್ತಕ ತೆರೆದ,
ಪೆನ್ಸಿಲಿನ ಗೀಟುಗಳು:
ಸತ್ತವೆಂದುಕೊಂಡವು ಇಪ್ಪತ್ತಮೂರು.
ಮತ್ತೊಮ್ಮೆ ಹೊಡೆದಾಗ
ಇಪ್ಪತ್ತಮೂರೂ ಸಿಡಿದಿವೆ.

ರಾತ್ರಿ ಬಂಕಿನ ಮೇಲೆ ಅದೇ ಲೆಕ್ಕ.
ಏಸಿಯ ಹನಿ ಬಕೆಟ್ಟಿಗೆ, ಟಿಕ್, ಟಿಕ್.
ಸುಬಹಿಗೆ ಮೊದಲೇ ಎದ್ದು ಹೋಗಿ
ದೀಪ ಹಾಕದೆ, ತೋಟಾಗಳ ಬುಡದ ಮೇಲೆ ಬೆರಳಾಡಿಸಿದೆ.
ನುಣುಪು. ನುಣುಪು. ನುಣುಪು.
ಇಲ್ಲಿ ತಡೆಯಿತು, ಅನ್ನದಲ್ಲಿ ಕಲ್ಲು ಸಿಕ್ಕಂತೆ:
ಕೇಪು ತಳ ಮುಟ್ಟಿಲ್ಲ,
ಕೂದಲೆಳೆಯಷ್ಟು ಮೇಲೆ ಕೂತಿದೆ.
ಮೊದಲ ಏಟೆಲ್ಲ ಅದನ್ನು ಕೂರಿಸುವುದಕ್ಕೇ ಸಂದುಹೋಗಿತ್ತು.
ಬೆಂಕಿಯ ಪಾಲಿಗೆ ಏನೂ ಉಳಿದಿರಲಿಲ್ಲ.

ಯಂತ್ರದ ಹಿಡಿಯನ್ನು ಕೊನೆಯವರೆಗೂ ಒತ್ತಬೇಕು.
ಒತ್ತುವವನು ನಾನು.
ರಂಜಾನ್ ಮುಗಿದಾಗಿನಿಂದ ಬಲ ಹೆಬ್ಬೆರಳು ಜೋಮು,
ಚಹಾದ ಲೋಟ ಎರಡು ಸಲ ಜಾರಿದೆ.
ಯಾರಿಗೂ ಹೇಳಿಲ್ಲ.
ವೀಸಾದ ಮೆಡಿಕಲ್ ಅಕ್ಟೋಬರಿನಲ್ಲಿ.

"ಬೋಲ್ಟು ಸಡಿಲವಾಗಿತ್ತು" ಎಂದೆ ಬೆಳಿಗ್ಗೆ, ಎಲ್ಲರ ಮುಂದೆ,
ಸ್ಪ್ಯಾನರ್ ಹಾಕಿ
ಬಿಗಿಯಾಗಿಯೇ ಇದ್ದದ್ದನ್ನು ಮತ್ತೆ ಬಿಗಿದೆ.
ತಯ್ಯಿಬ್ ಬೋಲ್ಟನ್ನು ನೋಡಲಿಲ್ಲ. ಕೈ ನೋಡಿದ.
ಮಾತಾಡದೆ ಮೇಜಿನಿಂದ ಯಂತ್ರ ಬಿಚ್ಚಿ,
ಹಿಡಿ ಎಡಕ್ಕೆ ಬರುವಂತೆ ತಿರುಗಿಸಿ ಕೂರಿಸಿ
ಚಹಾ ತರಲು ಹೋದ.

ನೂರು ತುಂಬಿದೆ, ಎಡಗೈಯಲ್ಲಿ, ನಿಧಾನ,
ಒಂದೊಂದರ ಬುಡವನ್ನೂ ಸವರಿ.
ಸಂಜೆ ಮುಸಬ್ಬಹ್ ನಿಂತರು.
ಮೊದಲ ಸದ್ದಿಗೆ ಕಾಂಡ್ಲಾ ಗಿಡಗಳಿಂದ ಕೊಕ್ಕರೆಗಳೆದ್ದವು,
ಕೂತವು, ಮತ್ತೆ ಎದ್ದವು,
ನಲವತ್ತರ ನಂತರ ಏಳುವುದನ್ನೇ ಬಿಟ್ಟವು.
ನೂರೂ ಹೋದವು.

ಕಿವಿಯ ಮುಚ್ಚಳ ತೆಗೆದು ಅವರು ನನಗೆ ಏನೋ ಹೇಳಿದರು, ನಗುತ್ತ.
ನಾನಿನ್ನೂ ಎಣಿಸುತ್ತಿದ್ದೆ,
ಜೋಮು ಹಿಡಿದ ಬೆರಳನ್ನು ಮುಷ್ಟಿಯೊಳಗಿಟ್ಟುಕೊಂಡು,
ಹದಿನೇಳು, ಹದಿನೆಂಟು.