ಏಳು ಸುತ್ತು

ಇತಾಯ್ತುಬದಲ್ಲಿ, ದೋಣಿಗಳಿಗೆ ಡೀಸೆಲ್ ತುಂಬಿಸುವ ಕಟ್ಟೆಯ ಹಿಂದೆ,
ಫ್ಯಾನು ರಿಪೇರಿಯ ಅಂಗಡಿಯೊಳಗೆ
ಅಪ್ಪ ಬೆಸುಗೆ ಹಾಕುತ್ತಿದ್ದ, ನಾನು ತಂತಿ ಸುತ್ತುತ್ತಿದ್ದೆ.
ಪೆನ್ಸಿಲ್ಲಿನ ಮೇಲೆ ಏಳು ಸುತ್ತು.
ಎಂಟಾದರೆ ಆಕಾಶ ಕೇಳಿಸಿಕೊಳ್ಳೋದಿಲ್ಲ
ಅನ್ನುತ್ತಿದ್ದ.

ಲಾರಿಯವರು ಬರುತ್ತಿದ್ದರು, ಹುಬ್ಬಿಗೆ ಕೆಂಪು ಧೂಳು ಮೆತ್ತಿಕೊಂಡು.
ಹೊಳೆ ಸೋಸಿ ಚಿನ್ನ ಹೆಕ್ಕುವವರು
ಗುಲಗಂಜಿಯಷ್ಟನ್ನು ಸಿಗರೇಟಿನ ಬೆಳ್ಳಿಹಾಳೆಯಲ್ಲಿ ಮಡಿಸಿ ತಂದು
ಮೇಜಿನ ಮೇಲಿಟ್ಟು ಪಿಸುಗುಡುವರು:
ಜುರಾಂದೀರ್, ಬೊಲಿನ್ಯ ಹಿಡಿಯುವಂಥದ್ದು ಒಂದು ಕೊಡು.

ಬೊಲಿನ್ಯ ಅಂದರೆ ನಮ್ಮ ಮಾತಿನಲ್ಲಿ ಪುಟ್ಟ ಚೆಂಡು.
ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ
ಯಾರದೋ ನೌಕಾಪಡೆ ತೂಗುಹಾಕಿ
ಮುಪ್ಪಾಗಲು ಬಿಟ್ಟ ಒಂದು ಕಿವಿ.
ಯಾರು ನೀನು ಎಂದು ಕೇಳಲು ಅದಕ್ಕೆ ಕಲಿಸಿಲ್ಲ.
ಈ ಕಡೆ ಕೇಳಿದ್ದನ್ನು ಆ ಕಡೆ ಹೇಳುತ್ತದೆ,
ನಮ್ಮ ಓಣಿಯ ದೋನ ಕ್ಲೆಮೆನ್ಸಿಯಳ ಹಾಗೆ,
ಆದರೆ ಉಪ್ಪು ಖಾರ ಹಚ್ಚುವುದಿಲ್ಲ.

ಪೊರಕೆಯ ಕೋಲಿಗೆ ಅಲ್ಯೂಮಿನಿಯಂ ಕಡ್ಡಿ ಕಟ್ಟಿ
ಮೂಡಣಕ್ಕೆ ತಿರುಗಿಸು.
ಇಗರ್ಜಿಯ ಶಿಲುಬೆಗಿಂತ ಎರಡು ಗೇಣು ಮೇಲೆ. ಅಲ್ಲೇ. ಅಲುಗಾಡಬೇಡ.
ಗುಂಡಿ ಒತ್ತಿ ನಿನ್ನ ಹೆಸರು ಹೇಳು.
ಹೆಸರು ಹೋಗಿ, ಮುಟ್ಟಿ, ನಿನ್ನ ಕಿವಿಗೇ ಮರಳುವಾಗ
ಎವೆಯಿಕ್ಕುವಷ್ಟು ತಡ.
ಅಷ್ಟು ಹೊತ್ತು ನೀನು ಎಲ್ಲಿಯೂ ಇಲ್ಲ.

ರಾತ್ರಿ ಬಾಗಿಲೆಳೆದು ಕೇಳುತ್ತಿದ್ದೆವು.
ಮರಗೆಣಸಿನ ಹಿಟ್ಟಿನ ದರ. ಮಗುವಿಗೆ ಹಲ್ಲು ಬಂತಂತೆ.
ಔರೇಲಿಯೊನ ಮೀನಖಂಡಕ್ಕೆ ಹಾವು ಕಚ್ಚಿದೆ, ಮದ್ದು ಎಲ್ಲಿದೆ?
ಮೂರು ಊರುಗಳಿಂದ ಮೂರು ಗಂಟಲು
ಒಂದರ ಮೇಲೊಂದು ಬಿದ್ದು ಉತ್ತರಿಸಿದವು.
ಬದುಕಿಕೊಂಡ.
ಅದೇ ವಾರ, ಅದೇ ಅಲೆಯ ಮೇಲೆ, ಇನ್ನೊಬ್ಬ:
ಹೆಲಿಕಾಪ್ಟರ್ ಎದ್ದಿದೆ, ಗರಗಸ ನಿಲ್ಲಿಸಿ, ದಿಮ್ಮಿಗೆ ಸೊಪ್ಪು ಮುಚ್ಚಿ.
ಉರಿವ ಮನೆಯ ಗಳ ಹಿರಿಯುವವರು.
ಅವರ ಪೆಟ್ಟಿಗೆಯೊಳಗೂ
ನಾನು ಸುತ್ತಿದ ಅದೇ ಏಳು ಸುತ್ತು.
ಅಪ್ಪ ದನಿ ತಗ್ಗಿಸಿದ. ಆರಿಸಲಿಲ್ಲ.

ಒಂದು ಇರುಳು ಓಜಿಮಾರ್, ಸೋಯಾ ಲಾರಿಯವನು,
ಕೆಸರಿನ ಸಾಲಿನಲ್ಲಿ ಮೂರನೆಯ ದಿನ,
ಮೈಕಿನ ಗುಂಡಿ ತೊಡೆಯಡಿ ಸಿಕ್ಕಿಕೊಂಡು
ನಿದ್ದೆಹೋದ.
ಅವನ ಗೊರಕೆ ಏರಿತು. ಇಡೀ ಅಟ್ಲಾಂಟಿಕ್ಕಿಗೆ ಇಳಿಯಿತು.
ಗೊರಕೆಯ ಹಿಂದೆ ಗಾಜಿಗೆ ಬಡಿವ ಮಳೆ, ಮಳೆಯ ಹಿಂದೆ ಕಪ್ಪೆ.
ಯಾವುದೋ ಹಡಗಿನಿಂದ, ಚೀಟಿ ನೋಡಿ ಓದಿದ ಹಾಗೆ,
ನಮ್ಮ ಭಾಷೆಯನ್ನು ಕುಂಟಿಸುತ್ತಾ ಒಂದು ದನಿ:
ದಯವಿಟ್ಟು. ದಾರಿ. ತೆರವು ಮಾಡಿ.
ಗೊರಕೆ.
ದಯವಿಟ್ಟು.
ಆಗ ಮರಬಾದ ಕಡೆಯಿಂದ ಒಬ್ಬಳು, ಗೊರಕೆಯನ್ನು ಪಕ್ಕಕ್ಕೆ ತಳ್ಳಿ:
ಮಲಗಲಿ ಬಿಡಿ ಸ್ವಾಮಿ, ಯುದ್ಧವೇನು ಓಡಿಹೋಗುತ್ತದಾ?
ಆ ಕಡೆಯೂ ಯಾರೋ ನಕ್ಕರು. ನಾನು ಕೇಳಿಸಿಕೊಂಡಿದ್ದೇನೆ.
ಅಪ್ಪ ಒಪ್ಪುವುದಿಲ್ಲ, ಬರೀ ಗೊರಗೊರ ಅದು ಎನ್ನುತ್ತಾನೆ.

ಆಗಸ್ಟಿನಲ್ಲಿ ಫೆಡರಲ್ ಪೊಲೀಸರು ಬಂದರು.
ಬೆಸುಗೆಯ ಕಡ್ಡಿ ಇನ್ನೂ ಬಿಸಿಯಿತ್ತು,
ಹಿಡಿದವನು ಬೆರಳು ಬಾಯಿಗಿಟ್ಟುಕೊಂಡ.
ಎಲ್ಲವನ್ನೂ ಬರೆದುಕೊಂಡರು.
ವಸ್ತು ಹದಿನೇಳು: ಪೆನ್ಸಿಲ್ ಒಂದು, ಹಳದಿ, ಹಲ್ಲಿನ ಗುರುತುಗಳಿವೆ.
ನನ್ನವು.

ಫ್ಯಾನಿನ ಹೊಟ್ಟೆಯೊಳಗೆ ಅವಿತಿದ್ದ ಒಂದು ಮಾತ್ರ ಉಳಿಯಿತು.
ಕೇಳಲಷ್ಟೇ ಬರುವ ಪೆಟ್ಟಿಗೆ, ಗುಂಡಿಯಿಲ್ಲ.
ಮೊನ್ನೆ ಸರಿರಾತ್ರಿ ಯಾರೋ, ಎಳೆಯ ದನಿ:
ಇತಾಯ್ತುಬ, ಇತಾಯ್ತುಬ, ಜುರಾಂದೀರ್ ಇದ್ದಾನಾ?
ಇಲ್ಲ ಎಂದೆ, ಫ್ಯಾನಿಗೆ.
ಮತ್ತೆ ಕರೆದ.
ಅವನ ಬೆನ್ನ ಹಿಂದೆ ಒಂದು ಗರಗಸ ಓಡುತ್ತಿತ್ತು.