ರದ್ದಿ

ಪುಣೆಯಲ್ಲಿ ಪಾಷಾಣ್ ಎಂಬ ಬಡಾವಣೆ.
ಕನ್ನಡದಲ್ಲಿ ಓದಿಕೊಂಡರೆ ವಿಷ,
ಮರಾಠಿಯಲ್ಲಿ ಬರೀ ಕಲ್ಲು.
ಹನ್ನೊಂದು ವರ್ಷ ಎರಡರ ನಡುವೆ ಬಾಡಿಗೆಗಿದ್ದೆ.

ಇವತ್ತು ಕಪಾಟು ಖಾಲಿ ಮಾಡಿ,
ಅಚ್ಚು ಹಾಕಿಸಿಟ್ಟ ಲೆಕ್ಕವನ್ನೆಲ್ಲ ರಿಕ್ಷಾಕ್ಕೆ ಹೇರಿ
ಗೋರಖ್ ಧುಮಾಳನ ರದ್ದಿ ಅಂಗಡಿಗೆ ತಂದೆ.
ಹಾಳೆ ತಿರುವಿ ನೋಡಿದ. "ಒಂದೇ ಮಗ್ಗಲು ಅಚ್ಚು,
ಭೇಳ್ ಕಟ್ಟಲಿಕ್ಕೆ ಆಗ್ತದೆ."

ಏನಿತ್ತು ಅದರಲ್ಲಿ?
ಜಾಗವನ್ನೂ ಕಾಲವನ್ನೂ ಚೌಕಳಿ ಚೌಕಳಿ ಕತ್ತರಿಸಿ
ಮೂಲೆ ಮೂಲೆಗೆ ಕ್ವಾರ್ಕ್ ಕೂರಿಸಿ
ಗೆರೆ ಗೆರೆಗೂ ಗ್ಲೂಆನ್ ಸವರಿ
ಪ್ರಕೃತಿಯಲ್ಲಿಲ್ಲದ ಚೌಕಗಳಲ್ಲಿ ಪ್ರಕೃತಿಯನ್ನು ಎಣಿಸಿದ್ದು.
ಎಣಿಸಿದವಳು ನಾನಲ್ಲ. ನೆಲಮಾಳಿಗೆಯ ಸೂಪರ್‌ಕಂಪ್ಯೂಟರ್
ನಲವತ್ತು ಕಪಾಟು ತುಂಬ ಹಗಲಿರುಳು ಹೂಂಗುಟ್ಟುತ್ತಿತ್ತು.
ಅದಕ್ಕೆ ತಣ್ಣೀರು ಕುಡಿಸುವ ಕುಚೇಕರ್ ಮಾಮಾ
ಕೊಳವೆಗೆ ಅಂಗೈ ಹಚ್ಚಿ ಹೇಳುತ್ತಿದ್ದ:
"ಇವತ್ತು ಕಷ್ಟದ ಲೆಕ್ಕ ಕೊಟ್ಟೀರಿ ಮೇಡಂ,
ನೀರು ಬಿಸಿ ಬರ್ತಾ ಇದೆ."
ಅವನ ಅಂದಾಜು ಒಂದು ಸಲವೂ ತಪ್ಪಲಿಲ್ಲ.
ನನ್ನದು ತಪ್ಪಿತ್ತು, ಒಂದು ಇಡೀ ಮಳೆಗಾಲ,
ಎಲ್ಲೋ ಒಂದು ಋಣಚಿಹ್ನೆ ಬಿಟ್ಟುಹೋಗಿ.

ಧುಮಾಳ ಕಟ್ಟಿಗೆ ಸುತಳಿ ಬಿಗಿದು
ಹಲ್ಲಲ್ಲಿ ಕಚ್ಚಿ ಎಳೆದ. ಪಟ್ಟನೆ ತುಂಡಾಯಿತು.
ಎರಡು ತುಂಡು, ತುಂಡಿಗೆ ಎರಡೆರಡು ತುದಿ.
ಒಂಟಿ ತುದಿಯ ದಾರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.
ಕ್ವಾರ್ಕಿನದೂ ಅದೇ ಕತೆ:
ಎಳೆದಷ್ಟೂ ಬಿಗಿ,
ಕಿತ್ತರೆ ಕಿತ್ತಲ್ಲೇ ಹೊಸ ಜೋಡಿ.
ಮೂವತ್ತೇಳು ಲಕ್ಷ ಕೋರ್-ಗಂಟೆ ಸುಟ್ಟು
ನಾನು ತೋರಿಸಹೊರಟಿದ್ದನ್ನು
ಇವನು ಬಾಯಲ್ಲಿನ ನಾರು ಉಗುಳಿ ಮುಗಿಸಿದ.

ತಕ್ಕಡಿ ಹನ್ನೆರಡು ಕಿಲೊ ಅಂದಿತು.
ತೂಕದ ಕಲ್ಲುಗಳ ತಟ್ಟೆಗೆ ಅವನ ಹೆಬ್ಬೆರಳು ತಾಗಿದ್ದು ಕಂಡೆ.
ಜಗಳಕ್ಕೆ ಹೋಗಲಿಲ್ಲ.
ಈ ಹನ್ನೆರಡು ಕಿಲೊದಲ್ಲಿ
ಕ್ವಾರ್ಕುಗಳ ಸ್ವಂತ ತೂಕ ನೂರಿಪ್ಪತ್ತು ಗ್ರಾಮೂ ಇಲ್ಲ,
ಒಂದು ಪೊಟ್ಟಣ ಶೇಂಗಾ.
ಮಿಕ್ಕಿದ್ದೆಲ್ಲ ಕಟ್ಟಿಹಾಕಿದವುಗಳ ಚಡಪಡಿಕೆ.
ನನ್ನ ಕಡೆಯ ತಟ್ಟೆಯ ಮೇಲೂ
ಯಾರದೋ ಹೆಬ್ಬೆರಳಿದೆ, ಧುಮಾಳ,
ಅದರ ಬಗ್ಗೆ ನಾನೂ ತುಟಿ ಬಿಚ್ಚಿಲ್ಲ.

ನೂರ ಅರವತ್ತೆಂಟು ರೂಪಾಯಿ ಎಣಿಸಿ ಕೊಟ್ಟ.
ಇನ್ನೇನಾದರೂ ಇದೆಯೇ ಎಂದ.
ಇದೆ, ಮುಂದಿನ ತಿಂಗಳು ಆ ಯಂತ್ರವನ್ನೂ ಕಳಚುತ್ತಾರೆ,
ಹಳತಾಯಿತಂತೆ, ಎಂದೆ.

ತಲೆಯಾಡಿಸಿದ. "ಅದು ನಮ್ಮದಲ್ಲ ಬಾಯಿ,
ಆ ಓಣಿಗೆ ಹೋಗಿ, ಭಂಗಾರ್‌ವಾಲಾ."

ಗುಜರಿಗೆ ಇಲ್ಲಿ ಹಾಗನ್ನುತ್ತಾರೆ.
ನನ್ನ ಕಿವಿ ಮಾತ್ರ
ಇನ್ನೂ ಮಹಾಪ್ರಾಣ ಕಲಿತಿಲ್ಲ.